ಎಲ್ಲ ಪಾತ್ರಗಳಿಗೂ ಒಂದೇ ದನಿ

ಬಾಗಿಲ ಗಂಟೆ ಸದ್ದಾದಾಗ ರೂಮೆನ್ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಬೆಳಗಿನಿಂದ ಏಣಿ ಹತ್ತಿ ಇಳಿದು ಪಾದಗಳು ಅವನ ಮಾತು ಕೇಳುವುದನ್ನೇ ಬಿಟ್ಟಿದ್ದವು. ಬಂದವರು ತಾವಾಗಿಯೇ ಹೋಗಲಿ ಎಂದು ಕಾದ. ಹೋಗಲಿಲ್ಲ. ಕೊನೆಗೆ ನೀರು ಸೋರುವ ಕಾಲುಗಳನ್ನು ಎಳೆಯುತ್ತ ಹೋಗಿ ಬಾಗಿಲು ತೆರೆದ.

ಹೊರಗೆ ನೆವೆನಾ ನಿಂತಿದ್ದಳು. ಕಪ್ಪು ಕೋಟು, ಕಪ್ಪು ಸ್ಕಾರ್ಫ್, ಕೈತುಂಬ ಬಿಳಿ ಸೇವಂತಿಗೆ. ಅವನನ್ನು ಕಂಡದ್ದೇ ಕಿಟಾರನೆ ಕಿರುಚಿ ಒಂದು ಮೆಟ್ಟಿಲು ಕೆಳಗೆ ಹಾರಿದಳು.

"ನೀನು... ನೀನು ಬದುಕಿದ್ದೀಯಾ?"

"ಇವತ್ತಂತೂ ಖಾತ್ರಿಯಾಗಿ ಹೇಳಕ್ಕಾಗಲ್ಲ," ಎಂದ ರೂಮೆನ್. "ಯಾಕೆ, ಯಾರು ಸತ್ರು?"

"ನೀನೇ!"

ಅವಳು ಚೀಲದಿಂದ ಒಂದು ಕಾಗದ ತೆಗೆದು ಅವನ ಮುಖಕ್ಕೆ ಹಿಡಿದಳು. ಕಟ್ಟಡದ ಕೆಳಗಿನ ಬಾಗಿಲಿನಿಂದ ಕಿತ್ತು ತಂದದ್ದು. ಅವನೇ ಹಿಂದಿನ ದಿನ ಅಂಟಿಸಿದ್ದ ಜಾಹೀರಾತು. ಪುಟ್ಟ ಊರು ಎಲೋವೆತ್ಸ್‌ನಲ್ಲಿ ಇದ್ದದ್ದೊಂದೇ ಪ್ರೆಸ್ಸು. ಅಲ್ಲಿ ಅಚ್ಚಾಗುತ್ತಿದ್ದದ್ದು ಬಹುಮಟ್ಟಿಗೆ ಸಾವಿನ ಸುದ್ದಿ. ಸತ್ತವರ ಫೋಟೋ, ಹೆಸರು, ಎರಡು ಸಾಲು, ಸುತ್ತ ಕಪ್ಪು ಚೌಕಟ್ಟು. ಊರಿನ ಬಾಗಿಲು, ಕಂಬಗಳ ಮೇಲೆಲ್ಲ ಅವೇ. ಮುದ್ರಕ ಅಭ್ಯಾಸಬಲದಿಂದ ರೂಮೆನ್‌ನ ಜಾಹೀರಾತಿಗೂ ಅದೇ ಚೌಕಟ್ಟು ಕೂರಿಸಿಬಿಟ್ಟಿದ್ದ. ಒಳಗೆ ಸೂಟು ಹಾಕಿದ ರೂಮೆನ್‌ನ ಫೋಟೋ. ಅದರ ಕೆಳಗೆ: "ರೂಮೆನ್ ದ್ರಗಾನೊವ್. ಶನಿವಾರದಿಂದ ಪ್ರತಿ ಮನೆಯಲ್ಲೂ, ಸದಾ ನಿಮ್ಮೊಂದಿಗೆ." ಕೇಬಲ್ ಟಿ.ವಿ. ಎಂಬ ಮಾತು ತಳದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿತ್ತು.

"ಸದಾ ನಿಮ್ಮೊಂದಿಗೆ ಅಂತೆ! ಇದನ್ನ ಓದಿದ್ರೆ ಯಾರಿಗಾದ್ರೂ ಏನನ್ಸುತ್ತೆ?"

"ನನಗೆ ಚಂದ ಅನ್ನಿಸ್ತು."

ನೆವೆನಾ ಹೂಗಳನ್ನು ನೋಡಿಕೊಂಡಳು. ಸತ್ತವರಿಗೆ ಒಯ್ಯುವ ಹಾಗೆ ಸಮಸಂಖ್ಯೆಯಲ್ಲೇ ತಂದಿದ್ದಳು. ಒಂದನ್ನು ಕಿತ್ತು ಮೆಟ್ಟಿಲ ಸಂದಿಯಲ್ಲಿ ಕೆಳಕ್ಕೆಸೆದು, ಉಳಿದದ್ದನ್ನು ಅವನ ಎದೆಗೆ ಒತ್ತಿದಳು. "ತಗೋ. ಈಗ ಬೆಸ ಆಯ್ತು, ಬದುಕಿರೋರಿಗೆ ನಡೆಯುತ್ತೆ."

ಆಗ ರೂಮೆನ್ ಅವಳ ಮುಖ ನೋಡಿದ. ರೆಪ್ಪೆಗಳು ಊದಿದ್ದವು, ಮೂಗಿನ ತುದಿ ಕೆಂಪಾಗಿತ್ತು. ಬರುವ ದಾರಿಯಲ್ಲಿ ಅತ್ತದ್ದಲ್ಲ ಅದು. ಮನೆಯಲ್ಲಿ ಕೂತು ಅತ್ತದ್ದು. ಶಾಲೆಯಲ್ಲಿ ಒಂದೇ ತರಗತಿ, ಆಮೇಲೆ ಅಂಚೆ ಕಚೇರಿಯ ಕೌಂಟರಿನಲ್ಲಿ ಒಂದು ನಮಸ್ಕಾರ, ಅಷ್ಟೇ ಅವರ ಪರಿಚಯ. ಅದಕ್ಕೆ ಇಷ್ಟೊಂದು ಅಳುವೇ?

ಅವನ ನೋಟ ಎಲ್ಲಿ ನಿಂತಿದೆಯೆಂದು ಅವಳಿಗೆ ಗೊತ್ತಾಯಿತು. ಸ್ಕಾರ್ಫ್ ಎಳೆದುಕೊಂಡಳು. "ಈರುಳ್ಳಿ ಹೆಚ್ತಿದ್ದೆ."

"ಬೆಳಗಿಂದಾನಾ?"

"ಎರಡು ಮೂಟೆ," ಎಂದು ದಡದಡನೆ ಇಳಿದು ಹೋದಳು.

ಕೇಬಲ್ ಟಿ.ವಿ. ಶುರುಮಾಡುವುದರಲ್ಲಿ ಅಂಥ ಕಷ್ಟವೇನಿದೆ ಎಂದುಕೊಂಡೇ ರೂಮೆನ್ ಅದಕ್ಕೆ ಕೈಹಾಕಿದ್ದ. ಅವನು ಕೆಲಸಕ್ಕಿದ್ದ ಟೇಪ್ ರೆಕಾರ್ಡರ್ ಕಾರ್ಖಾನೆ ಸರ್ಕಾರ ಬದಲಾದ ಮರುವರ್ಷವೇ ಬಾಗಿಲು ಹಾಕಿತ್ತು. ಅದರ ಹಿಂದೆಯೇ ಹೆಂಡತಿ ರಾಜಧಾನಿ ಸೋಫಿಯಾದಲ್ಲಿ ಬೇರೆ ಸಂಸಾರ ಹೂಡಿದಳು. ಅವನಿಗೆ ಉಳಿದದ್ದು ಬೆಸುಗೆ ಹಾಕಬಲ್ಲ ಎರಡು ಕೈ. ಎಲ್ಲಿಂದಲೋ ಹಳೆಯ ಡಿಶ್ ಸಂಪಾದಿಸಿ, ಒಂದು ಅಪಾರ್ಟ್‌ಮೆಂಟ್ ಬ್ಲಾಕಿನ ತಾರಸಿಯಿಂದ ಇನ್ನೊಂದಕ್ಕೆ ತಂತಿ ಎಳೆದ.

ಎಳೆದ ಮೇಲೆ ಶುರುವಾಯಿತು. ಗಾಳಿ ಬೀಸಿದರೆ ಡಿಶ್ ಮುನಿಸಿಕೊಂಡು ಮುಖ ತಿರುಗಿಸುತ್ತಿತ್ತು. ತಾಮ್ರದ ಆಸೆಗೆ ಯಾರೋ ತಂತಿಯನ್ನೇ ಕತ್ತರಿಸಿ ಒಯ್ಯುತ್ತಿದ್ದರು. ಒಬ್ಬ ಚಂದಾ ಕಟ್ಟಿದರೆ ಅವನ ಮನೆಯಿಂದ ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲರೂ ಕದ್ದು ನೋಡುತ್ತಿದ್ದರು. ಈಗ ಈ ಜಾಹೀರಾತಾದ ಮೇಲಂತೂ ಸತ್ತವನ ತಂತಿ ಮನೆಯೊಳಗೆ ಬೇಡವೆಂದು ಜನ ಬಾಗಿಲನ್ನೇ ತೆರೆಯಲೊಲ್ಲರು. ಊರಿನ ಅತಿ ಎತ್ತರದ ಬ್ಲಾಕಿನ ತಾರಸಿಯ ಕೀಲಿ ತ್ಸೋನಾ ಅಜ್ಜಿಯ ಕೈಯಲ್ಲಿತ್ತು. ಡಿಶ್ ಅಲ್ಲಿಗೇರಿದರೆ ಚಿತ್ರ ಸ್ವಚ್ಛವಾಗುತ್ತಿತ್ತು.

"ಅಜ್ಜಿ, ನೋಡಿ, ಬದುಕಿದ್ದೀನಿ," ಎಂದ ರೂಮೆನ್ ಬಾಗಿಲ ಸರಪಳಿಯ ಸಂದಿಯಿಂದ.

"ಕಾಣ್ತಿದೆಯಪ್ಪ. ಆದ್ರೆ ನಿನ್ನ ಹೆಸರಲ್ಲಿ ಚರ್ಚಲ್ಲಿ ಮೇಣದಬತ್ತಿ ಹಚ್ಚಿ ಬಂದುಬಿಟ್ಟೆನಲ್ಲ. ಅದನ್ನ ವಾಪಸ್ ತರಕ್ಕಾಗುತ್ತಾ? ಅದೂ ಅಲ್ದೆ ನಿನ್ನ ಟಿ.ವಿ.ಲಿ ಬರೋರೆಲ್ಲ ಇಟಲಿಯೋರು. ಬೈತಿದಾರೋ ಮುದ್ದು ಮಾಡ್ತಿದಾರೋ ಒಂದೂ ಗೊತ್ತಾಗಲ್ಲ."

ಆ ಮಾತು ಅವನ ತಲೆಯೊಳಗೆ ಕೂತಿತು. ನೆವೆನಾ ಅಂಚೆ ಕಚೇರಿ ಸೇರುವ ಮೊದಲು ಹೆಣಿಗೆ ಕಾರ್ಖಾನೆಯಲ್ಲಿ ಇಟಲಿಯ ಗಿರಾಕಿಗಳ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದಳು. ಮರುದಿನ ಅವಳ ಕೌಂಟರಿನ ಸಾಲಿನಲ್ಲಿ ನಿಂತ.

"ಅಂಚೆಚೀಟಿ ಬೇಕಾ?"

"ನೀನು ಬೇಕು," ಎಂದುಬಿಟ್ಟ. ಹಿಂದೆ ಯಾರೋ ಕಿಸಕ್ಕೆಂದರು. "ಅಂದ್ರೆ, ನಿನ್ನ ಇಟಾಲಿಯನ್. ಸಂಜೆ ಧಾರಾವಾಹಿ ಬರುತ್ತಲ್ಲ, ಅದನ್ನ ಮೈಕಲ್ಲಿ ನಮ್ಮ ಭಾಷೇಲಿ ಹೇಳ್ತಾ ಹೋಗಬೇಕು."

"ಯಾರ ಮಾತು?"

"ಎಲ್ಲರ ಮಾತೂ."

"ಗಂಡಸರದ್ದೂ?"

"ಕುದುರೆ ಬಂದ್ರೆ ಅದರದ್ದೂ."

ಅವಳು ನಗು ತಡೆಯಲು ಠಸ್ಸೆ ಎತ್ತಿ ಯಾರದೋ ಲಕೋಟೆಯ ಮೇಲೆ ಎರಡೆರಡು ಸಲ ಒತ್ತಿದಳು.

ರೂಮೆನ್‌ನ ಬ್ಲಾಕಿನ ಮೇಲ್ತುದಿಯಲ್ಲಿ ಬಟ್ಟೆ ಒಣಗಿಸುವ ಕೋಣೆ. ಅದೇ ಸ್ಟುಡಿಯೋ. ಒಂದು ಮೈಕು, ಒಂದು ಟಿ.ವಿ., ಒಂದು ಹೀಟರ್, ಯಾರದೋ ಮರೆತುಹೋದ ಹೊದಿಕೆಗಳು. ಸಂಜೆ ಏಳಕ್ಕೆ ನೆವೆನಾ ಕೋಟು ಕಳಚದೆಯೇ ಕೂತು ನಾಯಕಿ ಲುಚಿಯಾ ಆಗುತ್ತಿದ್ದಳು, ಡಾಕ್ಟರ್ ಆಗುತ್ತಿದ್ದಳು, ಡಾಕ್ಟರನ ಗಯ್ಯಾಳಿ ತಾಯಿಯೂ ಆಗುತ್ತಿದ್ದಳು. ಎಲ್ಲರಿಗೂ ಒಂದೇ ದನಿ, ದಿನವಿಡೀ ಕೌಂಟರಿನಲ್ಲಿ ಮಾತಾಡಿ ದಣಿದ ತುಸು ಒಡಕು ದನಿ. ಊರು ಆ ದನಿಗೆ ಸೋತಿತು. ವಾರ ಕಳೆಯುವುದರೊಳಗೆ ತ್ಸೋನಾ ಅಜ್ಜಿ ತಾನೇ ಬಂದು ಕೀಲಿ ಕೊಟ್ಟಳು. "ಆ ಡಾಕ್ಟರ್ ಅವಳನ್ನ ಮದುವೆ ಆಗ್ತಾನೋ ಇಲ್ವೋ, ನನಗೆ ಮಾತ್ರ ಮೊದಲೇ ಹೇಳಿಬಿಡು."

ರೂಮೆನ್ ಪಕ್ಕದಲ್ಲಿ ಕೂತು ಗುಂಡಿಗಳನ್ನು ತಿರುಗಿಸುತ್ತಿದ್ದ. ಡಾಕ್ಟರ್ ಪ್ರೀತಿಯ ಮಾತಾಡುವಾಗೆಲ್ಲ ನೆವೆನಾ ಪರದೆಯನ್ನು ಬಿಟ್ಟು ಅತ್ತಿತ್ತ ನೋಡುವುದಿಲ್ಲವೆಂದೂ, ಬೈಗುಳ ಬಂದಾಗ ಮಾತ್ರ ತನ್ನತ್ತ ಓರೆಗಣ್ಣು ಹಾಯಿಸುತ್ತಾಳೆಂದೂ ಅವನು ಗಮನಿಸಿದ್ದ. ಆ ಓರೆನೋಟಕ್ಕಾಗಿ ಡಾಕ್ಟರನ ತಾಯಿ ಬೇಗ ಬರಲಿ ಎಂದು ಹಾರೈಸುತ್ತಿದ್ದ.

ಆದರೆ ಮೈ ಕೇಳಬೇಕಲ್ಲ. ಚಳಿಗಾಲ ಬಂತು, ಡಿಶ್ ಮೇಲೆ ಹಿಮ ಹೆಪ್ಪುಗಟ್ಟಿತು, ತಂತಿ ಕದಿಯುವವರು ಚಳಿಗೂ ಜಗ್ಗಲಿಲ್ಲ. ರೂಮೆನ್ ಹೈರಾಣಾಗಿ ಹೋದ. ರಾತ್ರಿ ಮಲಗಿದರೂ ನಿದ್ದೆ ಹತ್ತದು. ಗಾಳಿಯ ಸದ್ದಿಗೆ ಕಿವಿ ಕೊಟ್ಟು ಬಿದ್ದಿರುತ್ತಿದ್ದ. ಅಷ್ಟರಲ್ಲಿ ಜಿಲ್ಲಾ ಕೇಂದ್ರದ ದೊಡ್ಡ ಕಂಪನಿಯೊಂದು ಹೇಳಿಕಳಿಸಿತು. ತಂತಿ, ಡಿಶ್, ಚಂದಾದಾರರು ಎಲ್ಲ ನಮಗಿರಲಿ, ನಿನಗೆ ಇಲ್ಲಿ ಗೋದಾಮಿನಲ್ಲಿ ಕೆಲಸ, ಸೋಮವಾರ ಬಂದು ಸಹಿ ಹಾಕು. ಅವರ ಚಾನೆಲ್ಲುಗಳಲ್ಲಿ ಅನುವಾದವಾಗಿಯೇ ಬರುವುದರಿಂದ ಮೈಕಿನ ಗೊಡವೆಯೂ ಇಲ್ಲ.

ಶುಕ್ರವಾರ ಪ್ರಸಾರ ಮುಗಿದ ಮೇಲೆ ಅವಳಿಗೆ ಹೇಳಿದ. "ಒಪ್ಕೊಂಡಿದ್ದೀನಿ. ಇನ್ಮೇಲೆ ನಿನಗೂ ರಜೆ."

"ರಜೆ ಕೇಳಿದ್ದು ಯಾರು?"

"ನನ್ನ ಕೈಲಿ ಆಗ್ತಿಲ್ಲ, ನೆವೆನಾ."

"ತಂತಿ ಕೆಲಸ ಬಿಡು, ಬೇಡ ಅನ್ನಲ್ಲ. ಊರು ಯಾಕೆ ಬಿಡ್ತೀಯ? ಇಲ್ಲಿ ನಿನ್ನ ಬೇಕು ಅನ್ನೋರು ಯಾರೂ ಇಲ್ವಾ?"

ಅವನಿಗೆ ಅವಳ ಊದಿದ ರೆಪ್ಪೆಗಳು ನೆನಪಾದವು. ನೆನಪಾದದ್ದಕ್ಕೇ ಸಿಟ್ಟೂ ಬಂತು. "ನೀನು ಅತ್ತಿದ್ದು ಸತ್ತೋನಿಗೆ. ಬದುಕಿರೋನು ಇಷ್ಟೇ, ನೋಡು. ಒಂದು ಏಣಿ, ಒಂದು ಬೆನ್ನುನೋವು."

ನೆವೆನಾ ಹೆಡ್‌ಫೋನ್ ಮೇಜಿನ ಮೇಲಿಟ್ಟು ಹೊರಟುಹೋದಳು. ನಾಳೆ ಬರುತ್ತಾಳೋ ಇಲ್ಲವೋ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಬರದಿದ್ದರೆ ಸಹಿ ಹಾಕುವುದು ಸುಲಭವಾಗುತ್ತದೆ ಎಂದುಕೊಂಡ. ಆದರೂ ಅವಳ ಹೆಡ್‌ಫೋನನ್ನು ಒರೆಸಿ ಅವಳ ಜಾಗದಲ್ಲೇ ಇಟ್ಟ.

ಶನಿವಾರ ಸಂಜೆ ಅವಳ ಮುಖ ನೋಡಲಾರದೆ ಉಪಕರಣಗಳನ್ನೆಲ್ಲ ಹೊಂದಿಸಿಟ್ಟು, ತ್ಸೋನಾ ಅಜ್ಜಿಯ ಮನೆಯ ಕೆಟ್ಟ ಪ್ಲಗ್ ರಿಪೇರಿಗೆ ಹೋದ. ಏಳಾಯಿತು. ಟಿ.ವಿ.ಯಿಂದ ಅದೇ ಒಡಕು ದನಿ ಬಂತು. ಬಂದಿದ್ದಾಳೆ! ಸ್ಕ್ರೂಡ್ರೈವರ್ ಕೆಳಗಿಟ್ಟು ಟಿ.ವಿ.ಯತ್ತ ತಿರುಗಿದ.

ಪರದೆಯ ಮೇಲೆ ಸಮುದ್ರದ ದಂಡೆ. ಡಾಕ್ಟರ್ ಎದುರು ಲುಚಿಯಾ. "ಡಾಕ್ಟರೇ, ನೀವು ಊರು ಬಿಟ್ಟು ಹೋಗ್ತೀರಂತೆ," ಎಂದಿತು ದನಿ. ಲುಚಿಯಾಳ ತುಟಿ ನಿಂತಿತು. ದನಿ ನಿಲ್ಲಲಿಲ್ಲ.

"ಹೋಗೋದಾದ್ರೆ ಹೋಗು. ಒಂದು ಮಾತು ಕೇಳ್ಕೊಂಡು ಹೋಗು. ಶಾಲೇಲಿ ನಿನ್ನ ಹಿಂದಿನ ಬೆಂಚಲ್ಲಿ ಕೂತು ನಿನ್ನ ಕತ್ತು ನೋಡ್ಕೊಂಡೇ ಬೆಳೆದೋಳು ನಾನು. ನೀನು ಒಂದಿನಾನೂ ಹಿಂದೆ ತಿರುಗಲಿಲ್ಲ."

"ಇವರಿಬ್ರೂ ಒಂದೇ ಶಾಲೇನಾ?" ಎಂದಳು ಅಜ್ಜಿ. "ಈತ ರೋಮ್ ಕಡೆಯೋನು ಅಂದಿದ್ದಳಲ್ಲ?"

ಪರದೆಯಲ್ಲಿ ಒಂದು ದೋಣಿ ಹಾದುಹೋಗುತ್ತಿತ್ತು. ದಂಡೆಯಲ್ಲಿ ಯಾರೂ ಇರಲಿಲ್ಲ.

"ಸತ್ತೋನಿಗೆ ಅತ್ತೆ ಅಂದ್ಯಲ್ಲ. ಹೌದು, ಅತ್ತೆ. ನೀನು ಬದುಕಿದ್ದಾಗ ನಾನು ಹೇಳದೇ ಹೋದೆನಲ್ಲ ಅಂತ ಅತ್ತೆ. ನಿನಗೆ ಸುಸ್ತಾಗಿದ್ರೆ ನನಗೂ ಆಗಿದೆ. ಒಬ್ಬೊಬ್ರೇ ಯಾಕೆ ಸುಸ್ತಾಗಬೇಕು? ಆ ಏಣಿ ಮಾರ್ಕೊಂಡ್ರೂ ಪರವಾಗಿಲ್ಲ. ನನಗೆ ರಜೆ ಅಂತ ಮಾತ್ರ ಅನ್ನಬೇಡ."

"ಡಾಕ್ಟರಿಗೆ ಏಣಿ ಯಾಕೆ..." ಎಂದು ಶುರುಮಾಡಿದ ಅಜ್ಜಿ ಗಕ್ಕನೆ ನಿಲ್ಲಿಸಿದಳು. ಪರದೆ ನೋಡಿದಳು, ರೂಮೆನ್‌ನನ್ನು ನೋಡಿದಳು. "ಲೋ ಮಂಕೇ! ಆ ಡಾಕ್ಟರ್ ನೀನೇ ಕಣೋ! ಪ್ಲಗ್ ಹಾಳಾಗಿ ಹೋಗ್ಲಿ, ಓಡೋ!"

ಅವನು ಓಡಿದ. ಅಂಗಳ ದಾಟಿ ತನ್ನ ಬ್ಲಾಕಿನ ಮೆಟ್ಟಿಲು ಹತ್ತಿದ. ಪ್ರತಿ ಮಹಡಿಯಲ್ಲೂ ಬಾಗಿಲುಗಳು ತೆರೆದುಕೊಂಡಿದ್ದವು, ಮನೆಯೊಳಗಿನ ಚಪ್ಪಲಿಯಲ್ಲೇ ಹೊರಬಂದ ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

ನೆವೆನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಪರದೆಯಲ್ಲಿ ಡಾಕ್ಟರ್ ತಾನೊಬ್ಬನೇ ಇಟಾಲಿಯನ್‌ನಲ್ಲಿ ಮಾತಾಡಿಕೊಳ್ಳುತ್ತಿದ್ದ.

"ಡಾಕ್ಟರ್ ಏನೋ ಹೇಳ್ತಿದ್ದಾನೆ," ಎಂದ ರೂಮೆನ್ ಏದುಸಿರು ಬಿಡುತ್ತ.

"ಹಡಗಿನ ಟಿಕೆಟ್ ಕಳೆದುಹೋಯ್ತಂತೆ," ಎಂದಳು ಕೈ ತೆಗೆಯದೆ.

"ಸುಳ್ಳು." ಅವನು ಮೈಕಿಗೆ ಬಗ್ಗಿದ. "ಅವನು ಹೇಳ್ತಿರೋದು ಹೀಗೆ. ನನಗೆ ಚಂದವಾಗಿ ಮಾತಾಡಕ್ಕೆ ಬರಲ್ಲ, ನೆವೆನಾ. ದಿನಾ ಬೆಳಗ್ಗೆ ಎದ್ದೇಳಕ್ಕೇ ಮನಸ್ಸಿರಲ್ಲ. ಸಂಜೆ ನೀನು ಬರ್ತೀಯ ಅಂತ ಏಳ್ತೀನಿ. ಹಿಂದೆ ತಿರುಗಿ ನೋಡಕ್ಕೆ ಇಷ್ಟು ವರ್ಷ ತಗೊಂಡೆ, ತಪ್ಪಾಯ್ತು. ನಿನ್ನ ಪ್ರೀತಿಸ್ತೀನಿ. ಸೋಮವಾರ ಎಲ್ಲಿಗೂ ಹೋಗಲ್ಲ."

ಕೆಳಗೆಲ್ಲೋ ಯಾರೋ ಮನೆಮನೆಗೂ ಹಾದುಹೋಗುವ ಹೀಟಿಂಗ್ ಪೈಪಿನ ಮೇಲೆ ಚಮಚ ಬಡಿದರು. ಗಲಾಟೆ ಮಾಡುವ ನೆರೆಯವರನ್ನು ಸುಮ್ಮನಾಗಿಸಲು ಹಾಗೆ ಬಡಿಯುವುದುಂಟು. ಆದರೆ ಈಗ ಇನ್ನೊಂದು ಮಹಡಿಯವರು ಬಡಿದರು, ಮತ್ತೊಂದು ಮಹಡಿಯವರು ಬಡಿದರು, ಇಡೀ ಬ್ಲಾಕೇ ಟಣಟಣ ಎನ್ನತೊಡಗಿತು. ನೆವೆನಾ ಮುಖದಿಂದ ಕೈ ತೆಗೆದಳು. ಕಣ್ಣೀರು ಇಳಿಯುತ್ತಿತ್ತು, ಜೊತೆಗೇ ನಗುತ್ತಲೂ ಇದ್ದಳು.

"ಈರುಳ್ಳೀನಾ?" ಎಂದ ಮೆಲ್ಲಗೆ.

"ಬಾಯ್ಮುಚ್ಕೊಂಡು ಕೂತ್ಕೋ. ಇನ್ನೂ ಅರ್ಧ ಎಪಿಸೋಡ್ ಬಾಕಿ ಇದೆ."

ಅವನು ಕೂತ. ಅವಳು ಹೊದಿಕೆಯ ಒಂದು ತುದಿಯನ್ನು ಅವನ ಮೇಲೆಳೆದಳು. ಹೀಟರಿನ ಬಿಸಿ ಕಾಲಿಗೆ ತಾಕಿತು, ಅವಳ ಕೋಟಿನ ಉಣ್ಣೆ ಕೆನ್ನೆಗೆ ತಾಕಿತು. ಹೊರಗೆ ಗಾಳಿ ಎದ್ದಿತ್ತು. ಅವನ ಕಿವಿ ಮೊದಲ ಸಲ ಅತ್ತ ಹೋಗಲಿಲ್ಲ. ಮಾತಿನ ನಡುವೆಯೇ ಅವನ ತಲೆ ಅವಳ ಭುಜಕ್ಕೆ ವಾಲಿತು, ಉಸಿರು ನಿಧಾನವಾಯಿತು.

ಅಷ್ಟರಲ್ಲಿ ಪರದೆಯ ಮೇಲೆ ಡಾಕ್ಟರನ ತಾಯಿ ಬಂದಳು. ತಟ್ಟೆಗಳನ್ನು ಒಂದೊಂದಾಗಿ ಗೋಡೆಗೆಸೆಯುತ್ತ, ಗಂಟಲು ಹರಿಯುವ ಹಾಗೆ ಅರಚುತ್ತ, ಲುಚಿಯಾಳ ವಂಶವನ್ನೆಲ್ಲ ಜಾಲಾಡಿದಳು. ನೆವೆನಾ ಪಕ್ಕದವನ ಮುಚ್ಚಿದ ಕಣ್ಣುಗಳನ್ನೊಮ್ಮೆ ನೋಡಿ ಮೈಕನ್ನು ತುಟಿಯ ಹತ್ತಿರಕ್ಕೆಳೆದುಕೊಂಡಳು. ಆ ಅಷ್ಟೂ ಬೈಗುಳವನ್ನು, ಒಂದನ್ನೂ ಬಿಡದೆ, ಪಿಸುದನಿಯಲ್ಲಿ ಅನುವಾದಿಸಿದಳು. ಊರಿನವರೆಲ್ಲ ಎದ್ದು ತಮ್ಮ ಟಿ.ವಿ.ಯ ದನಿ ಹೆಚ್ಚಿಸಿಕೊಂಡು ಕೂತರು.