ಕೆಂಪು ಗಾಜಿನ ಇರುಳು

“ಬೊಂಬಿ ಮಾಡ್ಕೋ, ಮುಳ್ಳ ಚುಚ್ಚು, ಬೇಕಾದ್ದ ಮಾಡು. ಅದರ ಮುಂದ ಯಾರ ಹೆಸರೂ ಎತ್ತಬ್ಯಾಡ.”

ರಾಚವ್ವ ಇಷ್ಟು ಹೇಳಿದಾಗ ನಿಜಗುಣಪ್ಪ ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿಯುತ್ತಿದ್ದ. ಬಸಿಯಿಂದ ತುಟಿ ತೆಗೆಯದೆ ನಕ್ಕ. ಬಸಿಯ ಚಹಾ ಗುಳುಗುಳು ಎಂದಿತು. ದೊಡ್ಡವ್ವನ ಮಾತಿಗೆ ಅಷ್ಟು ಉತ್ತರ ಸಾಕು ಎಂದು ಅವನಿಗನ್ನಿಸಿತು.

ಹೆಸರು ಬೀಳದ ಬೊಂಬೆ ಬರೀ ಮಣ್ಣು, ಹೆಸರು ಬಿದ್ದರೆ ಅದೇ ಆ ಮನುಷ್ಯ ಎಂದು ಮುದುಕಿ ಮುಂದುವರಿಸಿದಳು. ಚುಚ್ಚಿದ ಮುಳ್ಳನ್ನು ಚುಚ್ಚಿದ ಕೈಯೇ ಕೀಳಬೇಕು, ಬೇರೆಯವರು ಕಿತ್ತರೆ ಕಿತ್ತಂತಲ್ಲ ಎಂದಳು. ಹೆದರಿಸುವ ದನಿಯೇನಲ್ಲ ಅದು. ಒಲೆಯ ಮೇಲೆ ಹಾಲಿದೆ, ಉಕ್ಕೀತು ನೋಡಿಕೊ ಎನ್ನುವ ದನಿ. ನಿಜಗುಣಪ್ಪ ನೋಟುಬುಕ್ಕು ತೆಗೆದು ಅಷ್ಟನ್ನೂ ಬರೆದುಕೊಂಡ. ಪುಣೆಯ ಗೆಳೆಯರಿಗೆ ಓದಿ ನಗಿಸಲು ಆದೀತು.

ಅವನು ಬೈಲಹೊಂಗಲದ ಅರಳೆ ವ್ಯಾಪಾರಿ ಶಂಕರೆಪ್ಪನ ಎರಡನೆಯ ಮಗ. ಪುಣೆಯಲ್ಲಿ ಸಿನಿಮಾ ಕಲಿಯಲು ಹೋಗಿ ಮೂರು ವರ್ಷವಾಗಿತ್ತು. ಹೋಗುವಾಗ ಉಟ್ಟ ಧೋತರವನ್ನು ಅಲ್ಲಿಯೇ ಯಾರಿಗೋ ಕೊಟ್ಟು, ತಂಬಾಕಿನ ಪೈಪು ಹಿಡಿದುಕೊಂಡು ಬಂದಿದ್ದ. ಕೊನೆಯ ವರ್ಷಕ್ಕೆ ಅವನೊಂದು ರೋಮಾಂಚಕ ಚಿತ್ರ ಮಾಡಬೇಕು. ಅದರ ಆರಂಭದ ಮೂರು ನಿಮಿಷವನ್ನು ಜೂನ್ ತಿಂಗಳಲ್ಲಿ ಗುರುಗಳ ಮುಂದಿಡಬೇಕು. ಅವರು ಒಪ್ಪಿದರೆ ಉಳಿದ ಚಿತ್ರಕ್ಕೆ ಫಿಲ್ಮು ಸಿಗುತ್ತದೆ. ಒಪ್ಪದಿದ್ದರೆ ಬೈಲಹೊಂಗಲದ ಅಂಗಡಿಯ ಗಾದಿ, ಮೂಗಿನೊಳಗೆ ಹಾರುವ ಅರಳೆ, ಸಾಯುವ ತನಕ.

ಆದ್ದರಿಂದ ತಯಾರಿಯಲ್ಲಿ ಅವನು ಏನೂ ಕಡಿಮೆ ಮಾಡಿರಲಿಲ್ಲ. ನೋಟುಬುಕ್ಕಿನಲ್ಲಿ ಹನ್ನೆರಡು ಚೌಕ ಗೀಚಿ, ಒಂದೊಂದು ಚೌಕದಲ್ಲಿ ಒಂದೊಂದು ಶಾಟು ಬರೆದಿದ್ದ. ಹಾಳೂರು. ಬಿದ್ದ ಗೋಡೆ. ಬರಿಗಾಲು. ಹೊಸ್ತಿಲ ಮೇಲೆ ಮಣ್ಣಿನ ಬೊಂಬೆ. ಹನ್ನೆರಡನೆಯದರಲ್ಲಿ ಒಂದು ಕೈ ಬೊಂಬೆಯ ಕಣ್ಣುಗಳಿಗೆ ಮುಳ್ಳು ಒತ್ತುತ್ತದೆ, ಪರದೆ ಕಪ್ಪಾಗುತ್ತದೆ. ಹೆದರಿಕೆಯೆಂದರೆ ಬರೀ ಅಳತೆ, ಎಷ್ಟು ಸೆಕೆಂಡು ತೋರಿಸಬೇಕು ಎಂಬ ಲೆಕ್ಕ ಅಷ್ಟೇ ಎಂದು ಅವನು ಹೇಳುತ್ತಿದ್ದ. ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ಹಾಳೂರಿಗಾಗಿ ದೂರ ಹೋಗಬೇಕಿರಲಿಲ್ಲ. ಸವದತ್ತಿಯ ಬಳಿ ಮಲಪ್ರಭೆಗೆ ಅಣೆಕಟ್ಟು ಬಂದಾಗ ರಾಚವ್ವನ ಊರು ಹಿನ್ನೀರಿನಡಿ ಹೋಗಿತ್ತು. ಅವಳು ಸೊಸೆಯನ್ನು ಕರೆದುಕೊಂಡು ಯರಗಟ್ಟಿಗೆ ಬಂದಿದ್ದಳು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಳೆಯ ಊರಿನ ಗೋಡೆಗಳು ಸೊಂಟದವರೆಗೆ ಮೇಲೇಳುತ್ತಿದ್ದವು. ರಾಚವ್ವನ ಮನೆಯ ಹೊಸ್ತಿಲೂ ಏಳುತ್ತಿತ್ತು.

ಕೈಯೂ ಮನೆಯಲ್ಲೇ ಸಿಕ್ಕಿತು. ಮುದುಕಿಯ ಸೊಸೆ ಸಾವಿತ್ರೆವ್ವನ ಗಂಡ ಎರಡು ವರ್ಷದ ಹಿಂದೆ ಟ್ರ್ಯಾಕ್ಟರ್ ಉರುಳಿ ಸತ್ತಿದ್ದ. ಅವಳಿಗೆ ಇಪ್ಪತ್ತಾರು. ಮಾತು ಕಡಿಮೆ. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯವರಿಗೆಲ್ಲ ಎತ್ತು ಮಾಡಿಕೊಡುತ್ತಿದ್ದವಳು ಅವಳೇ ಆದ್ದರಿಂದ ಬೊಂಬೆಯನ್ನೂ ಅವಳೇ ಮಾಡಿದಳು. ಎತ್ತುಗಳಿಗೆ ಇಡುವಂತೆಯೇ ಎರಡು ಗುಲಗಂಜಿಗಳನ್ನು ಕಣ್ಣಿಗಿಟ್ಟಳು. ನಿಜಗುಣಪ್ಪ ಬೊಂಬೆಗಿಂತ ಅವಳ ಮಣಿಕಟ್ಟನ್ನು ಮೆಚ್ಚಿದ. ಬಳೆಯಿಲ್ಲದ ಹೆಣ್ಣುಗೈ ತನಗೆ ಬೇಕಿತ್ತು, ಪುಣೆಯಲ್ಲಿ ಹುಡುಕಿದ್ದರೆ ಸಿಗುತ್ತಿರಲಿಲ್ಲ, ದೇವರು ದೊಡ್ಡವನು ಎಂದು ಅವಳೆದುರಿಗೇ ಹೇಳಿದ. ಅವಳು ಕೈ ತೊಳೆದುಕೊಳ್ಳಲು ಎದ್ದು ಹೋದಳು.

ಮೂವರೇ ಹೋದರು. ಮೂರನೆಯವನು ಸತ್ಯಪ್ಪ. ರಾಮದುರ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟವನು, ನಿಜಗುಣಪ್ಪನ ಸಾಲೆಯ ಗೆಳೆಯ. ಅವನ ಕೆಲಸ ಹಲಗೆ ಹಿಡಿಯುವುದು. ಪ್ರತಿ ಶಾಟಿನ ಮೊದಲು ನಂಬರು ಬರೆದ ಕರಿ ಹಲಗೆಯನ್ನು ಕ್ಯಾಮೆರಾಕ್ಕೆ ತೋರಿಸಬೇಕು. ನಿಜಗುಣಪ್ಪ ಬೆಳಗಾವಿಯ ಪೇಂಟರನಿಂದ ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಬರೆಸಿದ್ದ. ಅದು ದನಿಯಿಲ್ಲದ ಚಿತ್ರ. ಹಲಗೆ ತೋರಿಸಿದರೆ ಸಾಕಿತ್ತು. ಆದರೆ ದೊಡ್ಡ ಸ್ಟುಡಿಯೋಗಳಲ್ಲಿ ಓದುತ್ತಾರೆ, ನೀನೂ ಓದು ಎಂದು ಅವನು ಸತ್ಯಪ್ಪನಿಗೆ ತಾಕೀತು ಮಾಡಿದ್ದ. ತನ್ನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳುವ ಆಸೆ, ಮತ್ತೇನಿಲ್ಲ.

ಮಟಮಟ ಮಧ್ಯಾಹ್ನ. ಚಿತ್ರದಲ್ಲಿ ಇರುಳು ಬೇಕು, ಇರುಳಲ್ಲಿ ದೀಪ ಹಾಕಲು ಅವರ ಬಳಿ ಏನೂ ಇಲ್ಲ. ಅದಕ್ಕೊಂದು ಯುಕ್ತಿ ಉಂಟು. ಕ್ಯಾಮೆರಾದ ಕಣ್ಣಿಗೆ ಕೆಂಪು ಗಾಜು ಹಾಕಿದರೆ ಹಗಲಿನ ಆಕಾಶ ಕಪ್ಪು-ಬಿಳುಪು ಫಿಲ್ಮಿನಲ್ಲಿ ಕಪ್ಪಾಗುತ್ತದೆ. ನಿಜಗುಣಪ್ಪ ಆ ಗಾಜನ್ನು ಸೂರ್ಯನಿಗೆ ಹಿಡಿದು, ಹಗಲನ್ನು ಇರುಳು ಮಾಡುವ ಮಾಟ ತನಗೂ ಬರುತ್ತದೆ, ನಿಮ್ಮ ಅತ್ತೆಗೆ ಹೇಳಿ ಎಂದು ಸಾವಿತ್ರೆವ್ವನನ್ನು ಚುಡಾಯಿಸಿದ.

ಊರೆಂಬ ಊರು ಸತ್ತ ಮೀನಿನ ವಾಸನೆ ಹೊಡೆಯುತ್ತಿತ್ತು. ಬಿರಿದ ಕೆಸರಿನ ಹೆಂಟೆಗಳು ಕಾಲಡಿ ಹಪ್ಪಳದಂತೆ ಮುರಿಯುತ್ತಿದ್ದವು. ಗೋಡೆಗಳಿಗೆ ಪಾಚಿ ಒಣಗಿ ಕೂದಲಿನಂತೆ ಜೋತುಬಿದ್ದಿತ್ತು. ಒಂದು ಹಕ್ಕಿಯಿಲ್ಲ. ನೀರು ಮಾತ್ರ ಹೊಸ್ತಿಲಿಂದ ಹತ್ತು ಹೆಜ್ಜೆ ಆಚೆ ದಡವನ್ನು ನೆಕ್ಕುತ್ತ ಸಣ್ಣಗೆ ಚಪ್ಪರಿಸುತ್ತಿತ್ತು. ಎಲ್ಲೆಲ್ಲೂ ಎಳೆಯ ಜಾಲಿ ಎದ್ದಿತ್ತು. ಮುಳ್ಳು ಅದರದೇ.

ಹನ್ನೊಂದು ಶಾಟು ಸರಾಗವಾಗಿ ಮುಗಿದವು. ಹನ್ನೆರಡನೆಯದಕ್ಕೆ ಬೊಂಬೆಯನ್ನು ಹೊಸ್ತಿಲ ಮೇಲೆ ಮಲಗಿಸಿದರು. ಸತ್ಯಪ್ಪ ಹಲಗೆಯನ್ನು ಬೊಂಬೆಯ ಮುಖಕ್ಕೆ ತಾಗಿಸಿ ಹಿಡಿದು ಓದಿದ: ಶಾಟ್ ಹನ್ನೆರಡು, ಟೇಕ್ ಒಂದು, ನಿರ್ದೇಶಕ ನಿಜಗುಣಪ್ಪ ಶಂಕರೆಪ್ಪ.

ಸಾವಿತ್ರೆವ್ವನ ಕೈ ಬಂತು. ಮುಳ್ಳು ಒಳಗಿಳಿಯಿತು. ಹಸಿ ಮಣ್ಣು ಬಾಯಿ ಬಿಟ್ಟಂತೆ ಸದ್ದು ಮಾಡಿತು. ಗುಲಗಂಜಿ ಮುಳುಗಿತು. ಇನ್ನೊಂದು.

ನಿಜಗುಣಪ್ಪನಿಗೆ ಕಣ್ಣಲ್ಲಿ ಮರಳು ಬಿದ್ದಂತಾಯಿತು. ಉಜ್ಜಿಕೊಂಡ. ಕೈ ನಡುಗಿತು, ಸರಿಬರಲಿಲ್ಲ ಎಂದ. ಅವಳ ಕೈ ನಡುಗಿರಲಿಲ್ಲ. ತಾನೇ ಬಗ್ಗಿ ಮುಳ್ಳು ಕಿತ್ತು, ಗುಲಗಂಜಿಗಳನ್ನು ಮೇಲೆತ್ತಿ ಕೂರಿಸಿದ.

“ಇನ್ನೊಮ್ಮಿ.”

ಸತ್ಯಪ್ಪ ಟೇಕ್ ಎರಡು ಎಂದು ತಿದ್ದಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಸಾವಿತ್ರೆವ್ವ ತಲೆಯೆತ್ತಿದಳು.

“ಹಲಗಿ ಓದೂದ ಬಿಡ್ರಿ. ಹೆಸರ ಬರಾಕ ಹತ್ತೇತಿ.”

“ವೈನಿ, ಸಿನಿಮಾ ನಾ ಮಾಡತೇನ್ರಿ,” ಎಂದ ನಿಜಗುಣಪ್ಪ, ಪೈಪನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ. “ನೀವು ಕೈ ಅಷ್ಟ ಕೊಡ್ರಿ.”

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಸಂತೆಯಲ್ಲಿ ಕೊಳೆತ ಬದನೆಕಾಯಿಯನ್ನು ನೋಡಿ ಕೆಳಗಿಡುವಾಗಿನ ನೋಟ. ಆಮೇಲೆ ಮುಳ್ಳು ಎತ್ತಿಕೊಂಡಳು. ಮತ್ತೆ ಹೇಳಲಿಲ್ಲ.

ಎರಡನೆಯ ಟೇಕಿಗೆ ಬೆಳಕು ಇಳಿಯಿತು. ಮೋಡ ಬಂತೇನೋ ಎಂದು ಅವನು ಕ್ಯಾಮೆರಾದೊಳಗೆ ಬೆಳಕು ಬಿಡುವ ಕಿಂಡಿಯನ್ನು ಇನ್ನಷ್ಟು ತೆರೆದ. ಮೂರನೆಯದಕ್ಕೆ ಮತ್ತಷ್ಟು ಇಳಿಯಿತು. ಮತ್ತೆ ತೆರೆದ. ಪ್ರತಿ ಸಲವೂ ತಾನೇ ಮುಳ್ಳು ಕಿತ್ತ, ಪ್ರತಿ ಸಲವೂ ಇನ್ನೊಮ್ಮಿ ಎಂದ, ಪ್ರತಿ ಸಲವೂ ಸತ್ಯಪ್ಪ ಅವನ ಹೆಸರನ್ನೂ ತಂದೆಯ ಹೆಸರನ್ನೂ ಗಟ್ಟಿಯಾಗಿ ಓದಿದ. ನಾಲ್ಕನೆಯದಕ್ಕೆ ಗೋಡೆಗಳು ಕರಗಿದವು. ನಿಜಗುಣಪ್ಪನ ಬೆನ್ನು ಬಿಸಿಲಿಗೆ ಸುಡುತ್ತಿತ್ತು. ಕಣ್ಣ ಮುಂದೆ ಮುಸ್ಸಂಜೆ. ಬೆನ್ನಿಗೆ ಹಗಲು, ಕಣ್ಣಿಗೆ ಇರುಳು. ಇದನ್ನೂ ಅವನು ಯಂತ್ರದ ದೋಷವೆಂದೇ ತಿಳಿದ. ಕ್ಯಾಮೆರಾ ಕೊಟ್ಟವರನ್ನು ಬೈದ. ಸತ್ಯಪ್ಪನನ್ನು ಬೈದ. ಕಿಂಡಿಯನ್ನು ಪೂರಾ ತೆರೆದ.

ಐದನೆಯ ಟೇಕು. ಹಲಗೆ. ಹೆಸರು. ಕೈ.

ಮುಳ್ಳುಗಳು ಇಳಿದವು, ಬುಡದವರೆಗೆ.

ಏನೂ ಕಾಣಲಿಲ್ಲ. ಅವನು ತಡವರಿಸಿ ಮುಂದೆ ಹೋಗಿ ಬೊಂಬೆಯನ್ನು ಎತ್ತಿ, ಈ ಸುಡುಗಾಡು ಮಣ್ಣಿಂದಲೇ ಎಲ್ಲ ಕೆಟ್ಟಿತು ಎನ್ನುತ್ತ ಶಕ್ತಿ ಹಾಕಿ ಬೀಸಿದ. ನೀರು ಧಡಕ್ಕೆಂದಿತು. ಆಮೇಲೆ ಕ್ಯಾಮೆರಾದ ಕಡೆ ಕೈ ಚಾಚಿ ತಡಕಾಡಿದ. ಕ್ಯಾಮೆರಾ ಸಿಕ್ಕಿತು. ಅದಕ್ಕೆ ಕಣ್ಣಿಟ್ಟ. ಕಪ್ಪು. ಕಣ್ಣು ತೆಗೆದ. ಕಪ್ಪು.

“ಸತ್ಯಾ, ಆ ಕೆಂಪು ಗಾಜ ತಗೀಯೋ. ಏನೂ ಕಾಣವಲ್ದು.”

ನೀರು ಚಪ್ಪರಿಸುತ್ತಿತ್ತು.

“ತಗೀ ಅಂದ್ನೆಲ್ಲೋ.”

“ಗಾಜ ಆಗಳೇ ತಗದೀಯಪಾ,” ಎಂದ ಸತ್ಯಪ್ಪ. “ನಿನ್ನ ಕೈಯಾಗ ಐತಿ.”

ನಿಜಗುಣಪ್ಪ ಮುಷ್ಟಿ ಬಿಗಿದ. ಗಾಜು ಅಂಗೈಯನ್ನು ಕೊರೆಯಿತು. ಬಿಸಿ ರಕ್ತ ಬೆರಳ ಸಂದಿಯಲ್ಲಿ ಇಳಿಯಿತು. ಅದರ ಬಣ್ಣ ಅವನಿಗೆ ಕಾಣಲಿಲ್ಲ.

ಆಗ ಅವನು ಕೂಗಿದ. ಆಗ ನೋಟುಬುಕ್ಕಿನಲ್ಲಿ ನಗುವುದಕ್ಕೆಂದು ಬರೆದುಕೊಂಡದ್ದು ನೆನಪಿಗೆ ಬಂತು. ಬೊಂಬೆ ಎಲ್ಲಿ ಎಂದ. ನೀವೇ ನೀರಿಗೆ ಒಗೆದಿರಿ ಎಂದು ಸಾವಿತ್ರೆವ್ವ ಹೇಳಿದಳು. ಸತ್ಯಪ್ಪ ಸೊಂಟದುದ್ದ ನೀರಿಗಿಳಿದು ಹೊತ್ತು ಮುಳುಗುವವರೆಗೆ ಹುಡುಕಿದ. ಕೆಸರು ಅವನ ಕಾಲನ್ನು ಮೊಳಕಾಲಿನವರೆಗೆ ನುಂಗುತ್ತಿತ್ತು. ಬೊಂಬೆ ಸಿಗಲಿಲ್ಲ.

ಹುಬ್ಬಳ್ಳಿಯ ಡಾಕ್ಟರರು ದೀಪ ಬಿಟ್ಟು ನೋಡಿದರು. ಕಣ್ಣುಗಳು ಚೊಕ್ಕಟವಾಗಿವೆ, ಯಾವ ದೋಷವೂ ಇಲ್ಲ ಎಂದರು. ಸತ್ಯಪ್ಪ ಫಿಲ್ಮನ್ನು ಪುಣೆಗೆ ಒಯ್ದು ತೊಳೆಸಿದ. ಮರಳಿ ಬಂದವನು ಬಹಳ ಹೊತ್ತು ಬೀಡಿ ಸೇದಿದ. ಕೊನೆಯ ಶಾಟು ಟೇಕಿನಿಂದ ಟೇಕಿಗೆ ಬೆಳ್ಳಗಾಗುತ್ತ ಹೋಗಿದೆ, ಕೊನೆಗೆ ಬರೀ ಬಿಳಿ, ನೋಡಿದರೆ ಕಣ್ಣು ಕುಕ್ಕುತ್ತದೆ ಎಂದು ಹೇಳಿದ. ಇರುಳು ಬೇಕಿದ್ದ ಕಡೆ ಬೆಳಕು ತುಂಬಿತ್ತು. ಗುರುಗಳು ಮುಗಿಯುವ ಮೊದಲೇ ಎದ್ದು ಹೋದರಂತೆ.

ರಾಚವ್ವ ಬೈಯಲಿಲ್ಲ. ಹಲಗೆಯ ಮೇಲೆ ಏನು ಬರೆದಿತ್ತು ಎಂದಷ್ಟೇ ಕೇಳಿದಳು. ಸತ್ಯಪ್ಪ ಹೇಳಿದ. ಮುದುಕಿ ತನ್ನ ಹಣೆಯನ್ನು ಮೆಲ್ಲಗೆ ಬಡಿದುಕೊಂಡಳು. ಮಣ್ಣು ಕರಗೀತು, ಗುಲಗಂಜಿ ಕರಗುವುದಿಲ್ಲ. ಅದನ್ನು ಹಿಡಿದುಕೊಂಡ ಮುಳ್ಳು ಎಲ್ಲೋ ಇರುತ್ತದೆ. ಹುಡುಕಿ ಸಾವಿತ್ರೆವ್ವನ ಕೈಗೆ ಕೊಡಬೇಕು, ಅವಳು ಕೀಳಬೇಕು ಎಂದಳು.

ಹೀಗೆ ಪ್ರತಿ ಬೇಸಿಗೆ ನಿಜಗುಣಪ್ಪ ಯರಗಟ್ಟಿಗೆ ಬಸ್ಸಿನಲ್ಲಿ ಬರುತ್ತಾನೆ. ಉಳಿದ ಕಾಲ ಬೈಲಹೊಂಗಲದ ಅಂಗಡಿಯಲ್ಲಿ ಗಾದಿಯ ಮೂಲೆಗೆ ಕುಳಿತು ಅರಳೆಯನ್ನು ಬೆರಳಿನಿಂದ ಹಿಂಜಿ ಎಳೆಯ ಉದ್ದ ಹೇಳುತ್ತಾನೆ. ಅಷ್ಟಕ್ಕೆ ಕಣ್ಣು ಬೇಡ. ಬೇಸಿಗೆಯಲ್ಲಿ ಸಾವಿತ್ರೆವ್ವ ಅವನ ಕೋಲಿನ ತುದಿ ಹಿಡಿದು ಹಾಳೂರಿಗೆ ಕರೆದೊಯ್ಯುತ್ತಾಳೆ. ಅವನು ಕೆಸರಿನಲ್ಲಿ ಮೊಳಕಾಲೂರಿ, ಹೆಂಟೆಗಳನ್ನು ಒಡೆದು ಒಡೆದು ಬೆರಳಲ್ಲಿ ಜರಡಿ ಹಿಡಿಯುತ್ತಾನೆ. ಹಿನ್ನೀರಿನ ದಂಡೆಯ ತುಂಬ ಜಾಲಿ ಬೆಳೆದಿದೆ. ಮುಳ್ಳಿಗೆ ಬರವಿಲ್ಲ. ಸಿಕ್ಕಿದ್ದನ್ನೆಲ್ಲ ಎತ್ತಿ ಹಿಡಿದು, ಇದೇನ್ರಿ ವೈನಿ ಎಂದು ಕೇಳುತ್ತಾನೆ. ಅವಳು ನೋಡಿ, ಅಲ್ಲ ಎನ್ನುತ್ತಾಳೆ.

ಮೂರನೆಯ ಬೇಸಿಗೆಯ ಒಂದು ಮಧ್ಯಾಹ್ನ ಅವನ ಬೆರಳಿಗೆ ಒಂದು ಗಂಟು ತಾಗಿತು. ಗಟ್ಟಿ ಮಣ್ಣು. ಅದರೊಳಗೆ ಉಗುರಿಗೆ ಜಾರುವ, ನುಣ್ಣನೆಯ, ಗುಂಡನೆಯ ಕಾಳು. ಕಾಳನ್ನು ಒತ್ತಿಕೊಂಡು ಒಂದು ಮುಳ್ಳು. ಪಕ್ಕದಲ್ಲೇ ಇನ್ನೊಂದು. ಎರಡನ್ನೂ ಅಂಗೈಯಲ್ಲಿಟ್ಟು ಮೇಲೆ ಚಾಚಿದ.

ಬಳೆಯಿಲ್ಲದ ಕೈ ಬಂದು ತೆಗೆದುಕೊಂಡಿತು.

ಗಾಳಿ ಇರಲಿಲ್ಲ. ಸತ್ತ ಮೀನಿನ ವಾಸನೆ, ಬೆನ್ನಿನ ಮೇಲೆ ಬಿಸಿಲು. ಆಮೇಲೆ ದೂರದಲ್ಲಿ ನೀರಿಗೆ ಏನೋ ಬಿತ್ತು. ಬಲು ಸಣ್ಣ ಸದ್ದು. ಮತ್ತೊಂದು.

ನಿಜಗುಣಪ್ಪ ಬಾಯಿ ತೆರೆದ. ಮುಚ್ಚಿದ. ಕೀಳಬೇಕಾದ ಕೈ ಅವಳದು.

“ಅಲ್ರಿ,” ಎಂದಳು ಸಾವಿತ್ರೆವ್ವ. “ಇನ್ನೊಮ್ಮಿ.”

ಅವನು ಬಗ್ಗಿದ.