ಅಜ್ಜಿಯ ಸೋಮವಾರದ ಬಿತ್ತನೆ

“ನೀನ ಟೈಪ್ ಮಾಡು ಚೇತನಾ. ನನ್ನ ಕೈ ಸೋತು ಹೋಗ್ಯಾವ,” ಎಂದು ಅಶ್ವಿನಿ ಅಜ್ಜಿಯ ಫೋನನ್ನು ತಂಗಿಯ ಮಡಿಲಿಗೆ ಹಾಕಿ ಗೋಡೆಗೆ ಒರಗಿದಳು.

ಅಕ್ಕನದು ‘ಜೋಡೆತ್ತು’ ಎಂಬ ಹೊಸ ಸ್ಟಾರ್ಟಪ್. ಬಿತ್ತನೆಗೆ ಎತ್ತು, ಕೂರಿಗೆ ಬಾಡಿಗೆಗೆ ಬೇಕಾದವರು ಫೋನಿನಲ್ಲೇ ಬುಕ್ ಮಾಡಬಹುದು. ಆದರೆ ಮಾಡುವವರೇ ಇಲ್ಲ! ‘ಆಲೂರು ರೈತರ ಚರ್ಚೆ’ ಗ್ರೂಪಿನಲ್ಲಿ ಅವಳು ಏನು ಹಾಕಿದರೂ ಅಡ್ಮಿನ್ ನರಸಣ್ಣ ಅಳಿಸಿಬಿಡುತ್ತಿದ್ದ. ‘ಇಲ್ಲಿ ಅಡ್ವರ್ಟೈಸ್‌ಮೆಂಟ್ ಬ್ಯಾಡಮ್ಮ’ ಎನ್ನುತ್ತಿದ್ದ. ಈ ಬಿತ್ತನೆ ಮುಗಿಯುವುದರೊಳಗೆ ಯಾರೂ ಬರದಿದ್ದರೆ ಅಕ್ಕನ ಕೆಲಸ ಅಲ್ಲಿಗೇ ಮುಗಿದಂತೆ.

“ಗ್ರೂಪಿಗೆ ಅಜ್ಜಿನ ಬರದಂಗ ಬರಿ. ಜೋಡೆತ್ತಿಂದ ಎತ್ತು ತರಿಸಿದ್ವಿ, ಭಾಳ ಚಲೋ ಅದಾವ ಅಂತ.”

“ಅಜ್ಜಿ ತರಿಸೇ ಇಲ್ಲಲ್ಲಕ್ಕಾ?”

“ಎಲ್ಲಾರೂ ಹಿಂಗ ಮಾಡ್ತಾರ. ಸುಮ್ನ ಬರಿ.”

ಚೇತನಾ ಬರೆದಳು. ನಿಜ ಅನ್ನಿಸಲಿ ಎಂದು ತಾನೇ ಒಂದು ಸಾಲು ಸೇರಿಸಿದಳು: ‘ಸೋಮವಾರ ಮುಂಜಾನೆನೇ ಬಂದು ಬಿತ್ತಿ ಹೋದ್ರು.’

ಮರುದಿನ ಸಂಜೆ ಪಂಪಮ್ಮಜ್ಜಿ ಹಾಲಿನ ಡೇರಿಯಿಂದ ಬಂದವಳೇ ಕ್ಯಾನನ್ನು ದಪ್ಪನೆ ಇಟ್ಟಳು.

“ಡೇರಿ ತುಂಬ ನಗ್ತಾರ! ‘ಸೋಮವಾರ ಎತ್ತು ಹೂಡಿದಿಯಂತಲ್ಲ ಪಂಪಮ್ಮಕ್ಕ, ಬಸವಣ್ಣನ ದಿನಾನೂ ಬಿಡಲಿಲ್ಲೇನು’ ಅಂತಾರ. ನಮ್ಮ ಮನ್ಯಾಗ ಯಾವತ್ತಾರ ಸೋಮವಾರ ಎತ್ತಿನ ಮ್ಯಾಲೆ ನೊಗ ಇಟ್ಟೀವೇನು?”

ಸೋಮವಾರ ಎತ್ತಿಗೆ ರಜೆ ಎಂದು ಚೇತನಾಳಿಗೆ ಗೊತ್ತಿಲ್ಲವೇ? ಸುಳ್ಳು ಹೊಸೆಯುವ ಅವಸರದಲ್ಲಿ ಅದು ಮರೆತೇ ಹೋಗಿತ್ತು. ಅಕ್ಕ ಹಾಲಿನ ಕ್ಯಾನನ್ನು ಬದಿಗೆ ಸರಿಸತೊಡಗಿದಳು. “ನಾನ ಬರದೆ ಅಜ್ಜಿ,” ಎಂದಳು ಚೇತನಾ.

“ನನ್ನ ಹೆಸರು ಹಾಕೂ ಮುಂದ ನನ್ನ ಒಂದ್ ಮಾತು ಕೇಳಬಾರದಿತ್ತೇನವ್ವ?” ಅಜ್ಜಿ ಬಯ್ಯಲಿಲ್ಲ. ದಣಿದ ದನಿಯಲ್ಲಿ ಅಷ್ಟೇ ಕೇಳಿದಳು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಚೇತನಾಳಿಗೆ.

“ಗ್ರೂಪಿಗೆ ನಿಜ ಬರೀಲೇನಜ್ಜಿ?”

ಅಜ್ಜಿ ಆಗಲಿ ಎಂಬಂತೆ ತಲೆಯಾಡಿಸಿದಳು.

‘ನಾನು ಚೇತನಾ, ಐದನೇ ಕ್ಲಾಸ್. ಎತ್ತು ತರಿಸಿದ್ವಿ ಅಂತ ಸುಳ್ಳು ಬರೆದಿದ್ದು ನಾನು, ಅಜ್ಜಿ ಅಲ್ಲ. ತಪ್ಪಾಯ್ತು.’

“ಮುಗೀತು ನಮ್ಮ ಕತಿ,” ಎಂದು ಅಕ್ಕ ಹಣೆ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಫೋನು ಈಸಿಕೊಂಡು ಕೆಳಗೆ ಸೇರಿಸಿದಳು: ‘ಬರೆಸಿದಾಕಿ ನಾನು. ಅಶ್ವಿನಿ.’

ಅಜ್ಜಿ ಒಲೆ ಹಚ್ಚಿದಳು. ರೊಟ್ಟಿ ಬಡಿಯುವ ಸದ್ದು ಶುರುವಾದಾಗ ಫೋನು ಟಿಂಗ್ ಎಂದಿತು. ರಾಮಲಕ್ಷ್ಮಿ ಎಂಬವರು ಕೇಳಿದ್ದರು: ‘ಎತ್ತಾದರೂ ನಿಜಕ್ಕೂ ಅದಾವೇನಮ್ಮ? ಬುಧವಾರ ಬೇಕಿತ್ತು.’

“ಅದಾವ ಅಂತ ಹಾಕು, ಲಗೂನ!” ಅಕ್ಕ ಎದ್ದು ಕೂತಳು.

“ಬುಧವಾರ ಅದಾವೇನಕ್ಕಾ?”

ಅಕ್ಕನ ದನಿ ಇಳಿಯಿತು. “ಇಲ್ಲ. ಗುರುವಾರ.”

ಚೇತನಾ ಟೈಪ್ ಮಾಡಿದಳು: ‘ಬುಧವಾರ ಇಲ್ರಿ. ಗುರುವಾರ ಬರ್ತಾವ.’ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು ತಡೆದು, ಒಲೆಯ ಹತ್ತಿರ ಹೋಗಿ ಗಟ್ಟಿಯಾಗಿ ಓದಿ ಹೇಳಿದಳು.

ಅಜ್ಜಿ “ಹೂಂ” ಎಂದಳು. ಆಮೇಲೆ ಚೇತನಾ ಗುಂಡಿ ಒತ್ತಿದಳು.