ಕೆರೆಗೆ ಹೋದ ವೀಳ್ಯ

ಐವತ್ತೆಂಟನೇ ಇಸವಿಯಲ್ಲಿ ನಾವು ಮೂಡಬಿದಿರೆಯಲ್ಲಿದ್ದೆವು. ನಮ್ಮವರಿಗೆ ಗಾಳದ ಹುಚ್ಚು. ಮರಿಗಪ್ಪೆ ಚುಚ್ಚಿ ಕೆರೆಗೆ ಎಸೆದರೆ ತೋಳುದ್ದದ ಮಡೆಂಜಿ ಮೀನು ಸಿಗುತ್ತಿತ್ತು, ಅವರೊಬ್ಬರಿಗೇ. ಊರಿನವರಿಗೆ ಮೀನಿನ ಮೇಲೆ ಹೊಟ್ಟೆಕಿಚ್ಚು. ನನಗೆ ವೀಳ್ಯದ ಮೇಲೆ. ಮದುವೆಯಾದಂದಿನಿಂದ ಊಟವಾದ ಮೇಲೆ ಎರಡು ವೀಳ್ಯ ಮಡಚಿ ಒಂದನ್ನು ನನಗೆ ಕೊಡುತ್ತಿದ್ದವರು, ಆ ವರ್ಷ ಎರಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆರೆಗೆ ಹೋಗತೊಡಗಿದರು.

ಯಾವಳಿಗೆಂದು ನೋಡಲು ಒಂದು ಸಂಜೆ ಹಿಂದೆಯೇ ಹೋದೆ. ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಒಂದು ವೀಳ್ಯ. ನಾನು ಅಲ್ಲೇ ಕೂರಲು ಹೋದೆ.

"ಅಲ್ಲಿ ಬೇಡ ಮಾರಾಯ್ತಿ, ಜನ ಉಂಟು" ಎಂದರು, ತಿರುಗಿ ನೋಡದೆ.

ಇಡೀ ಮೆಟ್ಟಿಲು ಬಿಸಿಲಿಗೆ ಕಾದಿತ್ತು. ಒಬ್ಬರು ಕೂರುವಷ್ಟು ಜಾಗ ಮಾತ್ರ ಒದ್ದೆ, ಮುಟ್ಟಿದರೆ ಕೈ ಜೋಮು ಹಿಡಿಯುವಷ್ಟು ತಣ್ಣಗೆ. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಆ ವೀಳ್ಯ ಎತ್ತಿ ಬಾಯಿಗೆ ಹಾಕಿಕೊಂಡೆ. ಕೆಸರಿನ ರುಚಿ. ಆದರೂ ನುಂಗಿದೆ.

"ಇನ್ನು ಮನೆಗೆ ಹೋಗುವ" ಎಂದು ಅವರು ಗಾಳ ಸುತ್ತಿದರು. ಯಾರಿಗೆ ಹೇಳಿದರೋ.

ಅಂದು ಊಟವಾದ ಮೇಲೆ ಮೂರು ವೀಳ್ಯ ಮಡಚಿದರು. ತಮಗೊಂದು, ನನಗೊಂದು. ಮೂರನೆಯದನ್ನು ನಮ್ಮಿಬ್ಬರ ನಡುವೆ ಚಾಪೆಯ ಮೇಲಿಟ್ಟು ದೀಪ ಆರಿಸಿದರು.

ಬೆಳಿಗ್ಗೆ ವೀಳ್ಯ ಇರಲಿಲ್ಲ. ಚಾಪೆಯ ನಡುವೆ ಒಬ್ಬರು ಮಲಗುವಷ್ಟು ಜಾಗ ಒದ್ದೆಯಾಗಿತ್ತು.